ವೈನ್ ಪೇರಿಂಗ್ ಒಪ್ಪುವ ಮುನ್ನ ಬಾಟಲಿಯನ್ನು ಮೇಜಿಗೆ ತರಿಸಿಕೊಳ್ಳಿ

ಬೆಂಗಳೂರಿನ ದುಬಾರಿ ರೆಸ್ಟೋರೆಂಟುಗಳ ಊಟದ ಪಟ್ಟಿಯಲ್ಲಿ ಈಗೀಗ ‘ವೈನ್ ಪೇರಿಂಗ್’ ಎಂಬ ಹೆಚ್ಚಿನ ಸಾಲೊಂದು ಕಾಣಿಸಿಕೊಳ್ಳುತ್ತಿದೆ. ಐದು ಕೋರ್ಸಿನ, ಅಂದರೆ ಒಂದಾದ ಮೇಲೊಂದು ಐದು ಖಾದ್ಯ ಬರುವ ಊಟಕ್ಕೆ, ಒಂದೊಂದಕ್ಕೂ ಹೊಂದುವಂತೆ ಆರಿಸಿದ ಐದು ಬೇರೆ ಬೇರೆ ವೈನು, ಒಂದೊಂದು ಸಣ್ಣ ಗ್ಲಾಸಿನಷ್ಟು, ಎಲ್ಲಕ್ಕೂ ಸೇರಿ ತಲೆಗೆ ಇಷ್ಟೆಂದು ಒಂದೇ ದರ. ಇಡೀ ಬಾಟಲಿ ಕೊಳ್ಳದೆ ಐದು ರುಚಿ ನೋಡಬಹುದು, ಯಾವುದಕ್ಕೆ ಯಾವುದು ಹೊಂದುತ್ತದೆಂಬ ತಲೆನೋವನ್ನು ತಿಳಿದವರಿಗೇ ಬಿಡಬಹುದು ಎಂಬುದು ಇದರ ಆಕರ್ಷಣೆ. ಕಳೆದ ತಿಂಗಳು, ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ನನ್ನ ತಂಗಿಗೆ ಐವತ್ತು ತುಂಬಿದ ಸಂತೋಷಕ್ಕೆ, ನಾವಿಬ್ಬರೂ ಇದನ್ನು ನಂಬಿ ಕುಳಿತು, ತೆರಿಗೆ ಸೇರಿ ಹದಿನೈದು ಸಾವಿರ ದಾಟಿದ ಬಿಲ್ ಕಟ್ಟಿ ಎದ್ದು ಬಂದೆವು. ಆ ರೆಸ್ಟೋರೆಂಟಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಜೊತೆಗೆ, ಅರ್ಧದಷ್ಟು ತಪ್ಪು ಬಾಯಿ ಬಿಟ್ಟು ಕೇಳದ ನಮ್ಮದೂ ಆಗಿತ್ತು.

ಊಟಕ್ಕೆ ತಲೆಗೆ 3,500 ರೂಪಾಯಿ, ಪೇರಿಂಗಿಗೆ 2,800 ರೂಪಾಯಿ ಎಂದು ಪಟ್ಟಿಯಲ್ಲಿತ್ತು. ಒಂದು ಗ್ಲಾಸ್ ಎಂದರೆ ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಗ್ಲಾಸ್ ಲೆಕ್ಕದಲ್ಲಿ ಮಾರುವ ವೈನನ್ನು 125 ಅಥವಾ 175 ಮಿಲಿ, ಇಲ್ಲವೇ ಅದರ ಮಡಿಗಳಲ್ಲಿ ಮಾತ್ರ ಕೊಡಬೇಕೆಂಬ ಕಾನೂನಿರುವುದರಿಂದ, ತಂಗಿಗೆ ಇದು ಮೊದಲ ನೋಟಕ್ಕೇ ಕಂಡಿತು. “ಅಕ್ಕಾ, ಎಷ್ಟು ಮಿಲಿ ಅಂತ ಕೇಳೋಣವಾ?” ಎಂದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಲೆಕ್ಕ ನೋಡಿದ ನಾನು, ಹುಟ್ಟುಹಬ್ಬದ ದಿನ ಲೆಕ್ಕ ಬೇಡವೆಂದು ಅವಳ ಬಾಯಿ ಮುಚ್ಚಿಸಿದೆ. ಮಾರುಕಟ್ಟೆಯಲ್ಲಿ ಮೂವತ್ತು ರೂಪಾಯಿಯ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ತಟ್ಟಿ ನೋಡಿಯೇ ಕೊಳ್ಳುವ ನಮಗೆ, ಮಂದ ಬೆಳಕಿನ ಕೋಣೆಯಲ್ಲಿ ಬಿಳಿ ಕೈಗವಸು ತೊಟ್ಟವನ ಮುಂದೆ ನಾಲಿಗೆ ಏಳುವುದಿಲ್ಲ.

ಮೊದಲ ಎಚ್ಚರಿಕೆಯ ಗಂಟೆ ಬಾರಿಸಿದ್ದು ಗ್ಲಾಸುಗಳು ಬಂದ ರೀತಿಯಲ್ಲಿ. ಪ್ರತಿ ಬಾರಿಯೂ ವೈನನ್ನು ಒಳಗಡೆಯೇ ಸುರಿದು, ತಟ್ಟೆಯಲ್ಲಿಟ್ಟು ತಂದರು. ಒಂದು ಬಾಟಲಿಯ ಮುಖವನ್ನೂ ನಾವು ನೋಡಲಿಲ್ಲ. ಬೀಟ್‌ರೂಟ್ ಮತ್ತು ಮೇಕೆ ಹಾಲಿನ ಚೀಸಿನ ಜೊತೆಗೆ ಬಂದ ಸ್ಪಾರ್ಕ್ಲಿಂಗ್ ವೈನಿನಲ್ಲಿ, ತಳದಿಂದ ಸರಪಳಿಯಂತೆ ಏಳಬೇಕಾದ ಗುಳ್ಳೆಗಳು ಎಣಿಸಿದರೆ ನಾಲ್ಕೋ ಐದೋ ಇದ್ದವು. ಕೇಳಿದ್ದಕ್ಕೆ, “ಈ ವೈನಿನ ಶೈಲಿಯೇ ಮೃದು, ಮೇಡಂ” ಎಂಬ ಉತ್ತರ ಬಂತು. ಗುಳ್ಳೆಯ ವೈನು ತೆರೆದ ಮೇಲೆ, ಅದಕ್ಕೆಂದೇ ಮಾಡಿದ ಬಿಗಿ ಮುಚ್ಚಳ ಹಾಕಿ ತಂಪಿನಲ್ಲಿಟ್ಟರೂ, ಒಂದರಿಂದ ಮೂರು ದಿನ ಮಾತ್ರ ಜೀವ ಹಿಡಿದಿರುತ್ತದೆ. ನಮಗೆ ಬಂದದ್ದು ಅದಾದ ಮೇಲಿನದು.

ಎರಡನೆಯದು ಕಾಣೆ ಮೀನು, ಮಾವಿನಕಾಯಿ ಹಾಕಿದ ತೆಂಗಿನ ಹಾಲಿನ ಸಾರಿನಲ್ಲಿ. ಅಡುಗೆ ಬಹಳ ಚೆನ್ನಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದರ ಜೊತೆಗೆ ಪಟ್ಟಿಯಲ್ಲಿದ್ದದ್ದು ನ್ಯೂಜಿಲೆಂಡಿನ ಸೋವಿನ್ಯಾನ್ ಬ್ಲಾಂಕ್. ಹುಳಿ ಸಾರಿಗೆ ಅಷ್ಟೇ ಹುಳಿಯಿರುವ ಬಿಳಿ ವೈನು ಸರಿಯಾದ ಆಯ್ಕೆಯೇ. ಆದರೆ ಅದು ಮುಗಿದಿದೆಯೆಂದೂ, “ಅದಕ್ಕಿಂತ ಒಳ್ಳೆಯದನ್ನೇ ಕೊಡುತ್ತೇನೆ” ಎಂದೂ ಹೇಳಿದಾಗ ನಾನು ತಲೆಯಾಡಿಸಿದೆ. ಆ ತಲೆಯಾಟದ ಬೆಲೆ ಎಷ್ಟೆಂಬುದು ಗೊತ್ತಾದದ್ದು ಬಿಲ್ ಬಂದ ಮೇಲೆ. ಬಂದದ್ದು ದಟ್ಟ ಬಣ್ಣದ ವಿದೇಶಿ ಕೆಂಪು ವೈನು. ಮೀನಿಗೆ ಕೆಂಪೇ ಎಂದು ತಂಗಿ ಕೇಳಿದ್ದಕ್ಕೆ, ಆ ನಿಯಮವೆಲ್ಲ ಹಳೆಯದಾಯಿತು ಎಂದರು. ಅದು ಅರ್ಧ ಸತ್ಯ. ಪಿನೋ ನ್ವಾರಿನಂತಹ, ಒಗರು ಕಡಿಮೆಯಿರುವ ಹಗುರ ಕೆಂಪನ್ನು ಸ್ವಲ್ಪ ತಂಪು ಮಾಡಿ ಕೆಲವು ಮೀನಿನ ಜೊತೆಗೆ ಕೊಡುವುದುಂಟು. ನಮ್ಮ ಗ್ಲಾಸಿನಲ್ಲಿದ್ದದ್ದು ಅಡಿಕೆ ಜಗಿದಂತೆ ನಾಲಿಗೆ ಹಿಡಿಯುವ ಒಗರಿನದು. ಎರಡನೇ ತುತ್ತಿಗೇ ಬಾಯಲ್ಲಿ ತುಕ್ಕು ಹಿಡಿದ ಚಮಚ ನೆಕ್ಕಿದ ರುಚಿ ಬಂತು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶವು ಮೀನಿನ ಕೊಬ್ಬಿನೊಡನೆ ಸೇರಿ ಬಾಯಲ್ಲಿ ಮೀನಿನ ಕೆಟ್ಟ ವಾಸನೆ ಎಬ್ಬಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಹಳೆಯ ನಿಯಮಕ್ಕೆ ಹೀಗೊಂದು ಕಾರಣವಿತ್ತು.

ಮೂರನೆಯದು ಅಣಬೆಯ ಖಾದ್ಯಕ್ಕೆ ಫ್ರಾನ್ಸಿನ ಶಾರ್ಡನೆ ಎಂಬ ಬಿಳಿ ವೈನು. ಮೂಗಿನ ಹತ್ತಿರ ಹಿಡಿದ ತಂಗಿ, ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ ಬರುತ್ತಿದೆ ಎಂದಳು. ಬಣ್ಣವೂ ತಿಳಿ ಹೊಂಬಣ್ಣ ಬಿಟ್ಟು ಕಂದಿನ ಕಡೆ ತಿರುಗಿತ್ತು. ಹೋಟೆಲುಗಳ ಬಾರಿನಲ್ಲಿ ಇಪ್ಪತ್ತು ವರ್ಷ ದುಡಿದ ನಮ್ಮ ಸೋದರಮಾವನಿಗೆ ಮರುದಿನ ಇದನ್ನು ಹೇಳಿದಾಗ ಅವರು ನಕ್ಕು, “ಅದು ವೈನಲ್ಲಮ್ಮ, ವಿನೆಗರ್ ಆಗೋ ದಾರೀಲಿರೋದು” ಎಂದರು. ಬಾಟಲಿ ತೆರೆದ ಕ್ಷಣದಿಂದ ಗಾಳಿಯ ಆಮ್ಲಜನಕ ತನ್ನ ಕೆಲಸ ಆರಂಭಿಸುತ್ತದೆ; ಆಲ್ಕೋಹಾಲಿನಿಂದ ಅಸಿಟಾಲ್ಡಿಹೈಡ್ ಹುಟ್ಟಿ ಆ ಸೇಬಿನ ವಾಸನೆ ಬರುತ್ತದೆ, ಬ್ಯಾಕ್ಟೀರಿಯಾ ಸೇರಿಕೊಂಡರೆ ಕೊನೆಗೆ ಹುಳಿ ದ್ರಾವಣವೇ ಉಳಿಯುತ್ತದೆ. ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟ ಸಾಧಾರಣ ವೈನು ಮೂರರಿಂದ ಐದು ದಿನ ಕುಡಿಯುವ ಹಾಗಿರುತ್ತದೆ. ಕೌಂಟರಿನ ಮೇಲೆ ಹಾಗೆಯೇ ನಿಂತದ್ದಕ್ಕೆ ಆ ಆಯಸ್ಸೂ ಇಲ್ಲ.

ಹಳಸಿದ ವೈನು ಹೆಚ್ಚು ಬೆಲೆಯ ಬಾಟಲಿಯದ್ದೇ ಏಕಾಗಿತ್ತು ಎಂಬುದಕ್ಕೂ ಮಾವ ಕಾರಣ ಹೇಳಿದರು. ಆಮದು ವೈನಿನ ಮೇಲೆ ನಮ್ಮಲ್ಲಿ ಬಹಳ ವರ್ಷಗಳ ಕಾಲ ಶೇಕಡಾ 150ರಷ್ಟು ಸುಂಕವಿದ್ದದ್ದರಿಂದ ವಿದೇಶಿ ಬಾಟಲಿ ರೆಸ್ಟೋರೆಂಟಿಗೇ ದುಬಾರಿಯಾಗಿ ಬೀಳುತ್ತದೆ, ಅದನ್ನು ಗ್ಲಾಸಿನ ಲೆಕ್ಕದಲ್ಲಿ ಕೇಳುವ ಗಿರಾಕಿಗಳು ಕಡಿಮೆ, ತೆರೆದ ಬಾಟಲಿಯನ್ನು ಚೆಲ್ಲಲು ಮಾಲೀಕನಿಗೆ ಮನಸ್ಸು ಬರುವುದಿಲ್ಲ. ಏನನ್ನೂ ಕೇಳದೆ ಐದೂ ಗ್ಲಾಸನ್ನು ಒಪ್ಪಿಕೊಳ್ಳುವ ಪೇರಿಂಗ್ ಗಿರಾಕಿಯೇ ಅಂತಹ ಉಳಿಕೆಗೆ ಹೇಳಿ ಮಾಡಿಸಿದವನು. ಇದಕ್ಕೆ ಸಾಕ್ಷಿಯೋ ಎಂಬಂತೆ, ಆ ಸಂಜೆ ತಾಜಾ ಇದ್ದದ್ದು ಎರಡೇ ವೈನು: ನಂದಿ ಬೆಟ್ಟದ ಸುತ್ತಿನ ತೋಟದ ಶಿರಾಜ್ ಎಂಬ ಕೆಂಪು ವೈನು ಮತ್ತು ಕೊನೆಯಲ್ಲಿ ಬಂದ ನಾಸಿಕದ ಸಿಹಿ ವೈನು. ಎರಡೂ ದಿನವೂ ಖರ್ಚಾಗುವ ಬಾಟಲಿಗಳು. ಇನ್ನು ಮುಂದೆ ನಾನಂತೂ ಇಂತಹ ಕಡೆ ಗ್ಲಾಸಿನಲ್ಲಿ ಕುಡಿಯುವುದಾದರೆ ಇಲ್ಲಿನ ದ್ರಾಕ್ಷಿಯದನ್ನೇ ಕುಡಿಯುತ್ತೇನೆ. ಸ್ವದೇಶಿ ಅಭಿಮಾನ ಅದಕ್ಕೆ ಎರಡನೇ ಕಾರಣ ಮಾತ್ರ.

ಆ ಶಿರಾಜನ್ನೂ ಅವರು ಉಳಿಸಿಕೊಳ್ಳಲಿಲ್ಲ. ನಾಲ್ಕನೆಯದಾಗಿ ಅದರ ಜೊತೆಗೆ ಬಂದ ಕುರಿಮಾಂಸದ ಖಾದ್ಯ ಖಾರವಾಗಿತ್ತು. ಬ್ಯಾಡಗಿಯಾಗಿದ್ದರೆ ಬಣ್ಣ ಹೆಚ್ಚು, ಖಾರ ಕಡಿಮೆ ಇರುತ್ತಿತ್ತು, ಇದು ಗುಂಟೂರಿನದೇ ಇರಬೇಕು. ವೈನು ಉಗುರುಬೆಚ್ಚಗಿತ್ತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ಹಳೆಯ ತಣ್ಣನೆ ಮನೆಗಳಲ್ಲಿ. ಅದರ ಅರ್ಥ 16ರಿಂದ 18 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಮೂವತ್ತು ದಾಟುವ ಬೆಂಗಳೂರಿನ ಕೋಣೆಯನ್ನು ಆ ಮಾತು ಕಂಡಿರಲಿಲ್ಲ. ಬೆಚ್ಚಗಾದ ವೈನಿನಲ್ಲಿ ಆಲ್ಕೋಹಾಲಿನ ಘಾಟು ಮುಂದೆ ಬರುತ್ತದೆ, ಆಲ್ಕೋಹಾಲು ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಹೊತ್ತಿಸುತ್ತದೆ. ಇಬ್ಬರೂ ನೀರು ಕುಡಿದೆವು. ಆ ನೀರಿಗೂ ಬಾಟಲಿಗೆ 400 ರೂಪಾಯಿಯಂತೆ ಎರಡು ಬಾಟಲಿ ಬಿಲ್ಲಿಗೆ ಸೇರಿದವು. ಹತ್ತು ನಿಮಿಷ ಐಸಿನ ಬಕೆಟ್ಟಿನಲ್ಲಿ ಇಟ್ಟುಕೊಡಿ ಎಂದು ಕೇಳಿದ್ದರೆ ಸಾಕಿತ್ತು. ಹಾಗೆ ಕೇಳುವುದು ಅನಾಗರಿಕತೆಯೆಂದು ಯಾರಾದರೂ ಹುಬ್ಬು ಏರಿಸಿದರೆ ಏರಿಸಲಿ.

ಊಟಕ್ಕೂ ವೈನಿಗೂ ನಿಜವಾಗಿ ಹೊಂದಿಕೆಯಾದದ್ದು ಕೊನೆಯಲ್ಲಿ ಮಾತ್ರ. ಬೆಲ್ಲದ ಪುಡ್ಡಿಂಗಿಗಿಂತ ವೈನು ಒಂದು ಕೈ ಹೆಚ್ಚು ಸಿಹಿಯಾಗಿತ್ತು, ತಣ್ಣಗಿತ್ತು, ತಿಂಡಿಯ ಸಿಹಿಗೆ ಸೋಲಲಿಲ್ಲ. ಆದರೆ ಪ್ರಮಾಣ ನಾಲ್ಕು ಚಮಚವಿದ್ದರೆ ಹೆಚ್ಚು.

ಬಿಲ್ ಬಂದಾಗ ನಾನು ಮತ್ತೆ ಬ್ಯಾಂಕಿನವಳಾದೆ. ಊಟಕ್ಕೆ 7,000, ಪೇರಿಂಗಿಗೆ 5,600, ನೀರಿಗೆ 800. ಇವುಗಳ ನಡುವೆ ‘ಪ್ರೀಮಿಯಂ ವ್ಯತ್ಯಾಸ’ ಎಂದು 1,900 ರೂಪಾಯಿ. ಅದು ಮೀನಿನ ಜೊತೆಗೆ ಬಂದ ತುಕ್ಕು ರುಚಿಯ ಕೆಂಪಿನದು, ಗ್ಲಾಸಿಗೆ 950ರಂತೆ. ತಮ್ಮಲ್ಲಿ ಇಲ್ಲದ ವೈನಿಗೆ ಬದಲಾಗಿ ತಾವೇ ಆರಿಸಿ ತಂದದ್ದಕ್ಕೆ ನಾವೇಕೆ ಹೆಚ್ಚು ಕೊಡಬೇಕೆಂದು ಕೇಳಿದಾಗ, ನಾವು ಒಪ್ಪಿದ್ದೇವೆಂದು ಮ್ಯಾನೇಜರ್ ಹೇಳಿದರು. ಗ್ಲಾಸ್ ಎಷ್ಟು ಮಿಲಿ ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು: 75. ಆ ಮಾತನ್ನು ಹಾಗೆಯೇ ಒಪ್ಪಿದರೂ, ಐದು ಗ್ಲಾಸಿಗೆ 375 ಮಿಲಿ, ಇಬ್ಬರಿಗೆ 750 ಮಿಲಿ, ಅಂದರೆ ಸರಿಯಾಗಿ ಒಂದು ಬಾಟಲಿ. ಒಂದು ಬಾಟಲಿಯಷ್ಟು ವೈನಿಗೆ, ಅದರಲ್ಲಿಯೂ ಅರ್ಧದಷ್ಟು ಹಳಸಿದ್ದಕ್ಕೆ, 7,500 ರೂಪಾಯಿ ಕೊಟ್ಟಿದ್ದೆವು. ಅದೇ ಪಟ್ಟಿಯಲ್ಲಿ ಅದರ ಅರ್ಧ ಬೆಲೆಗೆ ನಂದಿಯ ಇಡೀ ಬಾಟಲಿಯೇ ಇತ್ತು; ನಮ್ಮೆದುರಿಗೇ ತೆರೆದು, ನಮ್ಮ ಮೇಜಿನ ಮೇಲೆಯೇ ಇರುತ್ತಿತ್ತು.

ಶೇಕಡಾ 10ರ ಸೇವಾ ಶುಲ್ಕವೂ ತಾನಾಗಿಯೇ ಸೇರಿಕೊಂಡಿತ್ತು. ಇದನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ಇದನ್ನು ಹೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆಂದು ಮೊಬೈಲ್ ತೆಗೆದ ಮೇಲೆ, ಒಳಗೆ ಇಪ್ಪತ್ತು ನಿಮಿಷ ಚರ್ಚಿಸಿ ಬಂದು ಆ ಸಾಲನ್ನು ಅಳಿಸಿದರು. ‘ಪ್ರೀಮಿಯಂ ವ್ಯತ್ಯಾಸ’ದ 1,900 ಮಾತ್ರ ಬಿಲ್ಲಿನಲ್ಲಿ ಹಾಗೆಯೇ ಉಳಿಯಿತು.

ಹೊರಗೆ ಬಂದ ಮೇಲೆ ಒಂದು ಲೆಕ್ಕ ಹೊಳೆಯಿತು. ಸಣ್ಣ ಗ್ಲಾಸು, ನಿಧಾನದ ಊಟ ಎಂದು ಕುಡಿದದ್ದು ತಿಳಿಯುವುದೇ ಇಲ್ಲ. ಆದರೆ ಶೇಕಡಾ 13 ಆಲ್ಕೋಹಾಲಿನ 375 ಮಿಲಿ ವೈನು ಎಂದರೆ 60 ಮಿಲಿಯ ಎರಡು ಪೆಗ್ ವಿಸ್ಕಿಗೆ ಬಹಳ ಹತ್ತಿರ. ವಾಹನ ಓಡಿಸುವವರ 100 ಮಿಲಿ ರಕ್ತದಲ್ಲಿ ಆಲ್ಕೋಹಾಲು 30 ಮಿಲಿಗ್ರಾಂ ದಾಟಿದರೆ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದು. ನಾವು ಟ್ಯಾಕ್ಸಿಯಲ್ಲಿ ಹೋಗಿದ್ದೆವು. ಪಕ್ಕದ ಮೇಜಿನಲ್ಲಿ ಅದೇ ಪೇರಿಂಗ್ ಮುಗಿಸಿದ ಯುವಕ ಕಾರಿನ ಕೀಲಿ ತಿರುಗಿಸುತ್ತಾ ಹೊರಟದ್ದನ್ನು ನೋಡಿದ್ದರಿಂದ ಇದನ್ನೂ ಬರೆದೆ.

ನೀವು ಹೋಗುವುದಾದರೆ ಕುಳಿತ ತಕ್ಷಣವೇ ಕೇಳಿ: ಗ್ಲಾಸಿಗೆ ಎಷ್ಟು ಮಿಲಿ, ಐದೂ ವೈನಿನ ಹೆಸರು ಮತ್ತು ವರ್ಷ ಯಾವುದು, ಯಾವುದಾದರೂ ಮುಗಿದಿದ್ದರೆ ಬದಲಿಗೆ ಏನು, ಅದಕ್ಕೆ ಹೆಚ್ಚು ದರವಿದೆಯೇ. ಬಾಟಲಿಯನ್ನು ಮೇಜಿಗೆ ತಂದು ಎದುರಿಗೇ ಸುರಿಯಲು ಹೇಳಿ. ವೈನ್ ತಿಳಿದವರಿರುವ ಕಡೆ ಇದನ್ನು ಅವರಾಗಿಯೇ ಮಾಡುತ್ತಾರೆ. ಬಾಟಲಿ ತೆರೆದದ್ದು ಯಾವಾಗ ಎಂಬ ಪ್ರಶ್ನೆಗೆ ಚೆನ್ನಾಗಿ ನಡೆಸುವ ಜಾಗದವರು ಮುಖ ಕೆಡಿಸಿಕೊಳ್ಳುವುದಿಲ್ಲ, ಕುತ್ತಿಗೆಗೆ ಅಂಟಿಸಿದ ತಾರೀಖಿನ ಚೀಟಿಯನ್ನೇ ತೋರಿಸುತ್ತಾರೆ ಎಂದು ಮಾವ ಹೇಳಿದರು. ಕೆಲವರು ಬಿರಡೆ ತೆಗೆಯದೆ, ಸೂಜಿ ಚುಚ್ಚಿ ವೈನು ತೆಗೆದು ಆ ಜಾಗಕ್ಕೆ ಆರ್ಗಾನ್ ಅನಿಲ ತುಂಬುವ ಕೊರಾವಿನ್ ಎಂಬ ಸಾಧನ ಬಳಸುತ್ತಾರೆ. ಅದಿದ್ದರೆ ದುಬಾರಿ ಗ್ಲಾಸಿಗೂ ಧೈರ್ಯ ಮಾಡಬಹುದು. ವಾಸನೆ ಹಿಡಿಸದಿದ್ದರೆ ಮೊದಲ ಗುಟುಕಿನಲ್ಲೇ ಹಿಂದಿರುಗಿಸಿ. ನಾವು ಮಾಡಿದಂತೆ ಅರ್ಧ ಕುಡಿದ ಮೇಲೆ ದೂರಿದರೆ ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿಗೆ ಹಿಂದಿರುಗುವ ಮುನ್ನ ತಂಗಿ ಆ ರೆಸ್ಟೋರೆಂಟಿಗೆ ಇದೆಲ್ಲವನ್ನೂ ಮಿಂಚಂಚೆಯಲ್ಲಿ ಬರೆದಳು. ನಾಲ್ಕು ದಿನದ ನಂತರ ವಿನಯದ ಉತ್ತರ ಬಂತು: ಆದ ತೊಂದರೆಗೆ ವಿಷಾದವಿದೆ, ಮುಂದಿನ ಬಾರಿ ಬಂದಾಗ ಇಬ್ಬರಿಗೂ ಒಂದೊಂದು ಗ್ಲಾಸ್ ವೈನು ಉಚಿತ. ಯಾವ ವೈನು, ಎಷ್ಟು ಮಿಲಿ ಎಂದು ಅದರಲ್ಲಿಯೂ ಬರೆದಿರಲಿಲ್ಲ.