ಸ್ನೋಫ್ಲೇಕ್ ಈಲ್ ಎಂದು ಹೇಳಿ ಮೀನು ತಿನ್ನುವ ಹಾವುಮೀನನ್ನು ಕೊಡುತ್ತಿದ್ದಾರೆ, ಎಚ್ಚರ

ಮುಂಬಯಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡಿರುವ, ಅದರಲ್ಲೂ ಸಣ್ಣ ಮೀನುಗಳ ಜೊತೆಗೆ ಒಂದು ಹಾವುಮೀನನ್ನು ಸಾಕಬೇಕೆಂಬ ಆಸೆಯಿರುವ ಕನ್ನಡಿಗರೆಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸ್ನೋಫ್ಲೇಕ್ ಈಲ್ ಎಂಬ ಹೆಸರಿನಲ್ಲಿ, ಅದರ ಬೆಲೆಯನ್ನೇ ತೆಗೆದುಕೊಂಡು, ಬೇರೆಯೇ ಜಾತಿಯ, ಮೀನನ್ನೇ ಬೇಟೆಯಾಡಿ ತಿನ್ನುವ ಹಾವುಮೀನನ್ನು ನನಗೆ ಮಾರಿದ್ದಾರೆ. ಕೇಳಲು ಹೋದರೆ ತಪ್ಪೆಲ್ಲ ನನ್ನದೇ ಎಂಬಂತೆ ನಾಲ್ಕು ಜನರ ಮುಂದೆ ಮಾತನಾಡಿದ್ದಾರೆ. ಆ ಅವಮಾನ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮೊರೇ ಹಾವುಮೀನುಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ಈ ಹವ್ಯಾಸದಲ್ಲಿರುವವರಿಗೆ ಗೊತ್ತಿರುವ ವಿಷಯ. ಎಕಿಡ್ನಾ ನೆಬ್ಯುಲೋಸಾ ಎಂಬ ವೈಜ್ಞಾನಿಕ ಹೆಸರಿನ ಸ್ನೋಫ್ಲೇಕ್ ಮತ್ತು ಪಟ್ಟೆಪಟ್ಟೆಯ ಝೀಬ್ರಾ ಮೊರೇ ಮುಖ್ಯವಾಗಿ ಏಡಿ, ಸಿಗಡಿಗಳನ್ನು ತಿಂದು ಬದುಕುವಂಥವು. ಚಿಪ್ಪನ್ನು ಅರೆಯುವುದಕ್ಕೆ ಬೇಕಾದ ಮೊಂಡು ಹಲ್ಲು ಅವಕ್ಕಿದೆ. ಆದ್ದರಿಂದಲೇ ಅವನ್ನು ಮೀನುಗಳ ಜೊತೆ ಇಡುವ ರೂಢಿ ಬಂದಿದೆ. ಜಿಮ್ನೊಥೊರಾಕ್ಸ್ ಗುಂಪಿನ ಮೊರೇಗಳಲ್ಲಿ ಬಹಳಷ್ಟು ಮೀನುಬೇಟೆಗಾರರು. ಆ ಗುಂಪಿನ ಚಿರತೆ ಮಚ್ಚೆಯ ಲೇಸ್ಡ್ ಮೊರೇ 3 ಮೀಟರ್‌ವರೆಗೂ ಬೆಳೆಯಬಲ್ಲದು. ಇದನ್ನೆಲ್ಲ ತಿಳಿದುಕೊಂಡೇ ನಾನು ಅಂಗಡಿಯ ಮೆಟ್ಟಿಲು ಹತ್ತಿದ್ದೆ.

ಡೊಂಬಿವಲಿಯ ನಮ್ಮ ಮನೆಯಲ್ಲಿರುವುದು ನಾಲ್ಕು ಅಡಿ ಉದ್ದದ, ಸುಮಾರು 340 ಲೀಟರ್ ನೀರು ಹಿಡಿಯುವ ಟ್ಯಾಂಕ್. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಎರಡು ಫೈರ್‌ಫಿಶ್, ಕೆಲವು ಡ್ಯಾಮ್ಸೆಲ್ ಇದ್ದವು. ಕ್ಲೌನ್ ಜೋಡಿ ಹೂಕುಂಡದ ಚೂರೊಂದರ ಮೇಲೆ ಮೊಟ್ಟೆ ಇಡಲು ಆರಂಭಿಸಿತ್ತು. ಇಷ್ಟನ್ನೂ ನಾನು ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ, ಟ್ಯಾಂಕಿನ ವಿಡಿಯೋವನ್ನೂ ತೋರಿಸಿದ್ದೆ. ಅವನು ಕರಾವಳಿಯ ಕಡೆಯವನು, ನನ್ನ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ತಿರುಗಿದವನು. "ಅಣ್ಣಾ, ಇದು ಮೀನಿನ ತಂಟೆಗೇ ಹೋಗುವುದಿಲ್ಲ. ಸಿಗಡಿ ಹಾಕಿ, ಬೊಂಡಾಸ್ (ಸ್ಕ್ವಿಡ್) ಹಾಕಿ, ಪಾಪದ್ದು. ನಮ್ಮ ಊರಿನವರಿಗೆ ನಾನು ಹೇಳುವುದು ಸುಳ್ಳಾ ಮಾರಾಯ್ರೆ?" ಎಂದು ಅವನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ಅಂಗಡಿಯ ಟ್ಯಾಂಕಿಗೆ ಹಾಕಿದ್ದು ಬರೀ ನೀಲಿ ಬೆಳಕು. ಹಾವುಮೀನು ಪಿವಿಸಿ ಪೈಪಿನೊಳಗೆ ಸೇರಿಕೊಂಡು ಮೂತಿಯನ್ನಷ್ಟೇ ಹೊರಗಿಟ್ಟಿತ್ತು. ಟ್ಯಾಂಕಿನ ಗಾಜಿಗೆ 'ಸ್ನೋಫ್ಲೇಕ್' ಎಂದು ಬರೆದ ಚೀಟಿ ಅಂಟಿಸಿದ್ದರು. ಮೈಬಣ್ಣ ಮಂಕಾಗಿ ಕಾಣುತ್ತಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ಮರಿಯಾಗಿರುವಾಗ ಹಾಗೆಯೇ ಇರುತ್ತದೆ, ಬೆಳೆದಂತೆ ಬಿಳುಪು ಬರುತ್ತದೆ ಎಂದು ಹೇಳಿ, ತನ್ನ ಮೊಬೈಲ್‌ನಲ್ಲಿ ನಿಜವಾದ ಸ್ನೋಫ್ಲೇಕ್‌ನ ಫೋಟೋ ತೋರಿಸಿದ. ಇದು ಹಸಿ ಸುಳ್ಳು. ನಿಜವಾದ ಸ್ನೋಫ್ಲೇಕ್‌ಗೆ ಮರಿಯಾಗಿದ್ದಾಗಲೇ ಬಿಳಿ ಮೈಮೇಲೆ ಎರಡು ಸಾಲು ಕಪ್ಪು ಮಚ್ಚೆ, ಮಚ್ಚೆಯೊಳಗೆ ಹಳದಿ ಚುಕ್ಕೆ, ಹಳದಿ ಮೂಗಿನ ಕೊಳವೆ ಇರುತ್ತವೆ. ಕೈಯಲ್ಲಿ ಒಂದು ಮೀನು, ಮೊಬೈಲಿನಲ್ಲಿ ಇನ್ನೊಂದು ಮೀನು. ₹4,500 ಕೊಟ್ಟೆ. ಬಿಲ್ ಕೇಳಿದರೆ 'ಈಲ್ 1' ಎಂದು ಗೀಚಿದ, ಅಂಗಡಿಯ ಹೆಸರೂ ಇಲ್ಲದ ಒಂದು ತುಂಡು ಕಾಗದ ಕೊಟ್ಟ.

ಮನೆಗೆ ತಂದ ಮೇಲೆ ಮೊದಲು ಮಾಯವಾದದ್ದು ಫೈರ್‌ಫಿಶ್. ಅದು ಟ್ಯಾಂಕಿನಿಂದ ಹಾರಿ ಸಾಯುವ ಮೀನಾದ್ದರಿಂದ ಮುಚ್ಚಳದ ಸಂದು, ಸಂಪ್ (ಟ್ಯಾಂಕಿನ ಫಿಲ್ಟರ್ ತೊಟ್ಟಿ), ಸೋಫಾದ ಅಡಿ, ಎಲ್ಲ ಕಡೆಯೂ ಹುಡುಕಿದೆವು. ಆಮೇಲೆ ಒಂದು ಬೆಳಿಗ್ಗೆ ಗಂಡು ಕ್ಲೌನ್ ಇರಲಿಲ್ಲ. ಕ್ಲೌನ್ ಮೀನುಗಳಲ್ಲಿ ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾಯುವುದು ಗಂಡು, ಅದು ಮೊಟ್ಟೆಯನ್ನು ಬಿಟ್ಟು ದೂರ ಹೋಗುವುದಿಲ್ಲ. ವಾಸನೆ ಹಿಡಿದು ರಾತ್ರಿ ಬೇಟೆಯಾಡುವ ಪ್ರಾಣಿಗೆ ಅಷ್ಟೇ ಸಾಕಾಗಿತ್ತು. ಕುಂಡದ ಚೂರಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳಲ್ಲಿ ಅರ್ಧ ಉಜ್ಜಿಹೋಗಿದ್ದವು. ಹೆಣ್ಣು ಮೀನು ಅದರ ಸುತ್ತಲೇ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಹಾವುಮೀನಿನ ನಡು ಒಂದು ಕಡೆ ಉಬ್ಬಿಕೊಂಡಿತ್ತು. ನನ್ನ ಮಗಳು ಅದನ್ನು ನೋಡಿ ಏನನ್ನೂ ಕೇಳದೆ ಶಾಲೆಗೆ ಹೋದಳು.

ಅಂದು ಸಂಜೆ ಬಿಳಿ ದೀಪ ಹಾಕಿ, ಉದ್ದನೆಯ ಇಕ್ಕಳದಲ್ಲಿ ಬೊಂಡಾಸ್ ತುಂಡನ್ನು ಹಿಡಿದೆ. ಹಾವುಮೀನು ಪೈಪಿನಿಂದ ಅರ್ಧ ಮೈ ಹೊರಗೆ ಹಾಕಿ ಬಾಯಿ ತೆರೆದಾಗ ಸೂಜಿಯಂತೆ ಮೊನಚಾದ, ಹಿಂದಕ್ಕೆ ಬಾಗಿದ ಹಲ್ಲುಗಳು ಕಂಡವು. ಮೈಯೆಲ್ಲ ಬೂದುಗಂದು, ಅದರ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ. ಎರಡು ಸಾಲು ಕಪ್ಪು ಮಚ್ಚೆಯ ಸುಳಿವೇ ಇಲ್ಲ. ಅವನು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತ ನಗುತ್ತಿದ್ದದ್ದು ಆಗ ನೆನಪಾಗಿ ಮೈಯೆಲ್ಲ ಉರಿಯಿತು. ಅಂದರೆ ಇದು ಗೊತ್ತಿಲ್ಲದೆ ಆದದ್ದಲ್ಲ, ಯಾವುದನ್ನು ತೋರಿಸಬೇಕು, ಯಾವುದನ್ನು ಕೊಡಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವರ್ಷಗಳಿಂದ ಮೊರೇಗಳನ್ನು ಸಾಕುತ್ತಿರುವ ಮುಲುಂಡಿನ ಗೆಳೆಯರೊಬ್ಬರಿಗೆ ವಿಡಿಯೋ ಕಳುಹಿಸಿದೆ. ಅವರು ನೋಡಿದ ತಕ್ಷಣವೇ, ಇದು ಜಿಮ್ನೊಥೊರಾಕ್ಸ್ ಟೈಲ್ ಎಂದರು. 1822ರಲ್ಲಿ ಹ್ಯಾಮಿಲ್ಟನ್ ಎಂಬ ವಿಜ್ಞಾನಿ ಗಂಗೆಯ ಮೀನುಗಳನ್ನು ವಿವರಿಸುವಾಗ ಹೆಸರಿಸಿದ, ಅಳಿವೆಯ ಒಗರು ನೀರಿನಲ್ಲಿ, ಅಂದರೆ ಸಿಹಿನೀರು ಉಪ್ಪುನೀರು ಬೆರೆತ ನೀರಿನಲ್ಲಿರುವ ನಮ್ಮ ದೇಶದ್ದೇ ಮೊರೇ ಇದು. ಸುಮಾರು 60 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ವ್ಯಾಪಾರದಲ್ಲಿ ಇದನ್ನು ಸಿಹಿನೀರಿನ ಸ್ನೋಫ್ಲೇಕ್ ಎಂದು ಮಾರುವವರಿದ್ದಾರೆ, ಅದೂ ತಪ್ಪೇ, ಏಕೆಂದರೆ ಸಿಹಿನೀರಿನಲ್ಲಿ ಇದು ಬಹುಕಾಲ ಬಾಳುವುದಿಲ್ಲ. ಪೂರ್ಣ ಉಪ್ಪುನೀರಿನಲ್ಲಿ ಇದು ಆರಾಮವಾಗಿ ಇರುತ್ತದೆ, ಹಾಗಾಗಿ ನಮ್ಮಂಥವರ ಟ್ಯಾಂಕಿನಲ್ಲಿ ಮೋಸ ಬೇಗ ಬಯಲಾಗುವುದೂ ಇಲ್ಲ. ಮೊರೇಗಳ ಗಂಟಲಿನೊಳಗೆ ಇನ್ನೊಂದು ಜೊತೆ ದವಡೆ ಇದೆ. ಮುಂದಿನ ಹಲ್ಲು ಹಿಡಿದ ಬೇಟೆಯನ್ನು ಆ ದವಡೆ ಮುಂದಕ್ಕೆ ಬಂದು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ವಿಜ್ಞಾನಿಗಳಾದ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿಕೊಟ್ಟಿದ್ದಾರೆ. ಅಂಥ ಬಾಯಿಗೆ ಸಿಕ್ಕಿದ ಕ್ಲೌನ್ ತಪ್ಪಿಸಿಕೊಳ್ಳುವುದು ಎಲ್ಲಿಂದ ಬಂತು?

ಈಗ ಅಂಗಡಿಯವನ ಉತ್ತರಗಳನ್ನು ಕೇಳಿ. ವಿಡಿಯೋ ಕಳುಹಿಸಿ ವಿಚಾರಿಸಿದಾಗ ಮೊದಲು ಬಂದ ಉತ್ತರ, "ನೀರು ಸರಿ ಇರಲಿಕ್ಕಿಲ್ಲ ಅಣ್ಣಾ. ಮೀನು ತಾನೇ ಸತ್ತಿರಬೇಕು, ಸತ್ತದ್ದನ್ನು ಇದು ತಿಂದಿರಬೇಕು." ನೀರು ಸರಿಯಾಗಿಯೇ ಇದೆ, ಅಮೋನಿಯ ಸೊನ್ನೆ, ಉಪ್ಪುನೀರಿನ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ ಎಂದು ಪರೀಕ್ಷೆಯ ಫೋಟೋ ಸಹಿತ ಬರೆದೆ. ಆಗ, "ನೀವು ಹೊಟ್ಟೆ ತುಂಬ ಹಾಕಿರಲಿಕ್ಕಿಲ್ಲ. ಹಸಿವಾದರೆ ಅದು ಏನು ಮಾಡಬೇಕು?" ಎಂದ. ಇದು ಸ್ನೋಫ್ಲೇಕ್ ಅಲ್ಲವೇ ಅಲ್ಲ ಎಂದು ಹೆಸರು ಸಹಿತ ಬರೆದಾಗ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬರೆದ: "ಇದಕ್ಕೂ ಸ್ನೋಫ್ಲೇಕ್ ಎಂದೇ ಹೇಳುತ್ತಾರೆ. ಸಮುದ್ರದ್ದೇ ಬೇಕು ಎಂದು ನೀವು ಹೇಳಲಿಲ್ಲವಲ್ಲ." ಉಪ್ಪುನೀರಿನ ಟ್ಯಾಂಕಿನ ವಿಡಿಯೋ ತೋರಿಸಿ, ಕ್ಲೌನ್ ಮೀನಿನ ಜೊತೆ ಇಡುತ್ತೇನೆಂದು ಹೇಳಿ ಕೊಂಡವನಿಗೆ, ಸಮುದ್ರದ್ದು ಬೇಕೆಂದು ಹೇಳಲಿಲ್ಲವಲ್ಲ ಎಂಬ ಉತ್ತರ! ಸಮುದ್ರದ್ದು ಬೇಕೆಂದು ಹೇಳಲಿಲ್ಲವಂತೆ! ಮರುದಿನ ನೋಡಿದರೆ ಮಾರಾಟದ ದಿನ ಅವನು ಕಳುಹಿಸಿದ್ದ "ಮೀನಿನ ಜೊತೆ ಇಡಬಹುದು" ಎಂಬ ಸಂದೇಶ ಅಳಿಸಿಹೋಗಿತ್ತು. ಅದೃಷ್ಟಕ್ಕೆ ಅದರ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ.

ಅಂಗಡಿಗೇ ಹೋದೆ. ಭಾನುವಾರವಾದ್ದರಿಂದ ತುಂಬ ಜನರಿದ್ದರು. ನನ್ನನ್ನು ಕಂಡು ಕನ್ನಡ ಮಾತೇ ಮರೆತವನಂತೆ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಇವರು ಈಲ್ ಜೊತೆ ಕ್ಲೌನ್ ಇಟ್ಟಿದ್ದಾರಂತೆ, ಈಗ ದುಡ್ಡು ವಾಪಸ್ ಕೇಳುತ್ತಿದ್ದಾರೆ" ಎಂದ. ಜನ ನಕ್ಕರು. ಇಡಬಹುದು ಎಂದು ಹೇಳಿದವನೇ ಅವನು, ನಗೆಗೀಡಾದವನು ನಾನು. ಗೋಡೆಯ ಮೇಲಿನ 'ಜೀವಂತ ಮೀನಿಗೆ ಗ್ಯಾರಂಟಿ ಇಲ್ಲ' ಎಂಬ ಬೋರ್ಡನ್ನು ತೋರಿಸಿದ. ಸತ್ತ ಮೀನಿಗೆ ಗ್ಯಾರಂಟಿ ಕೇಳಲು ನಾನು ಹೋಗಿರಲಿಲ್ಲ, ಹೇಳಿದ್ದು ಒಂದು ಕೊಟ್ಟದ್ದು ಇನ್ನೊಂದು ಎಂಬುದು ನನ್ನ ದೂರಾಗಿತ್ತು. ಕೊನೆಗೆ, ಈಲ್ ವಾಪಸ್ ತಂದರೆ ₹500 ಬೆಲೆಯ ಆಹಾರ ಕೊಡುತ್ತೇನೆ ಎಂದ. ನಾನು ಒಪ್ಪಲಿಲ್ಲ.

ಕೊಳ್ಳುವವರು ಬಿಳಿ ಬೆಳಕಿನಲ್ಲಿ ಇಡೀ ಮೈ ಕಾಣುವಂತೆ ತೋರಿಸಲು ಹೇಳಿ, ಎದುರಿಗೇ ಆಹಾರ ಹಾಕಿಸಿ ಹಲ್ಲು ನೋಡಿ. ಮೊಬೈಲ್ ಫೋಟೋ ನಂಬಬೇಡಿ. ವೈಜ್ಞಾನಿಕ ಹೆಸರು ಬರೆದ ಬಿಲ್ ಕೊಡದವರಿಂದ ಹಾವುಮೀನು ಕೊಳ್ಳಲೇಬೇಡಿ, ಅವರು ನಿಮ್ಮ ಭಾಷೆಯವರಾಗಿದ್ದರೂ ಸರಿ. ನಿಜವಾದ ಸ್ನೋಫ್ಲೇಕ್ ತಂದರೂ ಕ್ಲೀನರ್ ಶ್ರಿಂಪ್, ಏಡಿ ಉಳಿಯುವುದಿಲ್ಲ, ತೀರ ಸಣ್ಣ ಮೀನಿನ ಮೇಲೂ ಅದು ಬಾಯಿ ಹಾಕಬಹುದು.

ಬೂದುಗಂದು ಮೈಯ, ಹಳದಿ ಚುಕ್ಕೆಯ ಈಲ್ ಈಗಾಗಲೇ ನಿಮ್ಮ ಟ್ಯಾಂಕಿನಲ್ಲಿದ್ದರೆ ಇಂದು ರಾತ್ರಿಗೆ ಮುಂಚೆಯೇ ಅದನ್ನು ಬೇರೆ ಮಾಡಿ, ಸಂದಿಲ್ಲದ ಮುಚ್ಚಳ ಹಾಕಿ. ಕೋಪದಲ್ಲಿ ಕೆರೆಗೋ ಖಾಡಿಗೋ ಬಿಡಬೇಡಿ, ಆ ಪ್ರಾಣಿಯದೇನೂ ತಪ್ಪಿಲ್ಲ. ನನ್ನದನ್ನು ಬೇರೆ ಟ್ಯಾಂಕಿನಲ್ಲಿ ಇಟ್ಟಿದ್ದೇನೆ, ಒಗರು ನೀರಿನ ಮೀನುಗಳನ್ನು ಸಾಕುವ ಪುಣೆಯ ಒಬ್ಬರು ತೆಗೆದುಕೊಳ್ಳಲು ಒಪ್ಪಿದ್ದಾರೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. 'ಈಲ್ 1' ಎಂದು ಗೀಚಿದ ಇಂಥದೇ ಚೀಟಿ ಬೇರೆ ಯಾರ ಬಳಿಯಾದರೂ ಇದ್ದರೆ ಎಸೆಯದೆ ಇಟ್ಟುಕೊಂಡು ನನಗೆ ತಿಳಿಸಿ, ಎರಡು ದೂರು ಒಟ್ಟಿಗೆ ಹೋದರೆ ಬೋರ್ಡ್ ತೋರಿಸಿ ತಪ್ಪಿಸಿಕೊಳ್ಳುವುದು ಅವನಿಗೆ ಅಷ್ಟು ಸುಲಭವಾಗುವುದಿಲ್ಲ.