ಜೆಲ್, ಮಾತ್ರೆ, ಬಲೂನು, ಡ್ರಿಪ್: ಡೇಟ್ ಹತ್ತಿರ ಬಂದಾಗ ನೋವು ಬರಿಸುವ ವಿಧಾನಗಳ ವಿಮರ್ಶೆ

"ಡೇಟ್ ಹತ್ರ ಬಂತು, ಅಡ್ಮಿಟ್ ಆಗಿ, ಜೆಲ್ ಇಟ್ಟು ನೋಡೋಣ." ಒಂಬತ್ತನೇ ತಿಂಗಳ ತಪಾಸಣೆಯಲ್ಲಿ ಈ ಮಾತು ಬಿದ್ದ ಮೇಲೆ ಒಂದು ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆ ಎಂದುಕೊಂಡು ಬ್ಯಾಗ್ ಹಿಡಿದು ಹೊರಡುವವರೇ ಹೆಚ್ಚು. ಇದು ಒಂದಲ್ಲ, ಎರಡು ಕೆಲಸ. ಮೊದಲು ಗರ್ಭಕಂಠ ಮೆತ್ತಗಾಗಿ ತೆರೆದುಕೊಳ್ಳಬೇಕು, ಆಮೇಲೆ ಗರ್ಭಕೋಶ ಹಿಂಡಲು ಶುರು ಮಾಡಬೇಕು. ಜೆಲ್, ಮಾತ್ರೆ, ಬಲೂನು ಇರುವುದು ಮೊದಲನೆಯದಕ್ಕೆ, ಡ್ರಿಪ್ ಎರಡನೆಯದಕ್ಕೆ. ಚೊಚ್ಚಲ ಹೆರಿಗೆಯಲ್ಲಿ ಎರಡೂ ಸೇರಿ ಒಂದೂವರೆ ದಿನ ಹಿಡಿದರೆ ಅದು ಸಹಜ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: 41 ವಾರ ತುಂಬಿದರೆ ಒಪ್ಪಿಕೊಳ್ಳಿ. 39ರಲ್ಲಾದರೆ ಆಸ್ಪತ್ರೆ ಎಂಥದ್ದೆಂದು ನೋಡಿ ಒಪ್ಪಿಕೊಳ್ಳಿ. ಅದಕ್ಕೂ ಮುಂಚೆ, ವೈದ್ಯಕೀಯ ಕಾರಣವಿಲ್ಲದೆ, ಬೇಡ.

ಆದರೆ 41 ಎಂದರೆ ಯಾವ ಲೆಕ್ಕದ 41? ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದರೆ ಡೇಟ್ ಸಿಗುತ್ತದೆ ನಿಜ. ಅದು 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. 38 ದಿನಕ್ಕೊಮ್ಮೆ ಆಗುವವರ ಮಗುವಿಗೆ ಈ ಲೆಕ್ಕ ಸುಮ್ಮಸುಮ್ಮನೆ ಹತ್ತು ದಿನ ವಯಸ್ಸು ಹೆಚ್ಚಿಸುತ್ತದೆ. ಹಾಗಾಗಿ ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್ ವರದಿ ಹುಡುಕಿ ತೆಗೆಯಿರಿ. ಅದಕ್ಕೂ ಮುಟ್ಟಿನ ಲೆಕ್ಕಕ್ಕೂ 7 ದಿನಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಕ್ಯಾನ್ ಹೇಳಿದ್ದೇ ಡೇಟು, ತಾಯಿ ಕಾರ್ಡ್‌ನಲ್ಲಿ ಏನೇ ಬರೆದಿರಲಿ. ಒಂಬತ್ತನೇ ತಿಂಗಳ ಸ್ಕ್ಯಾನ್‌ನಲ್ಲಿ ಅಚ್ಚಾಗಿ ಬರುವ ಹೊಸ ದಿನಾಂಕವನ್ನು ಮಾತ್ರ ನಂಬಬೇಡಿ. ಅದು ಮಗುವಿನ ಗಾತ್ರ ನೋಡಿ ಯಂತ್ರ ಕಟ್ಟಿದ ಅಂದಾಜು. ಆ ಹೊತ್ತಿಗೆ ಮೂರು ವಾರ ಆಚೀಚೆ ಆಗುತ್ತದೆ.

ಕಾರಣಗಳಲ್ಲೂ ಗಟ್ಟಿ, ಜೊಳ್ಳು ಎರಡೂ ಇವೆ. 37 ವಾರ ದಾಟಿದವರಿಗೆ ಬಿಪಿ ಏರಿದ್ದರೆ, ನೋವಿಲ್ಲದೆ ನೀರು ಹೋಗಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ, ಪಿತ್ತದ ತೊಂದರೆಯಿಂದ ಅಂಗೈ ಅಂಗಾಲು ವಿಪರೀತ ತುರಿಸುತ್ತಿದ್ದರೆ ಯಾವಾಗ ಬರಿಸಬೇಕೆಂಬುದನ್ನು ವೈದ್ಯರಿಗೇ ಬಿಡಬೇಕು, ಮನೆಯಲ್ಲಿ ಚರ್ಚಿಸುತ್ತ ಕೂರುವುದಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ 39ರ ಆಸುಪಾಸು ಸರಿಯಾದ ಹೊತ್ತು. ಇನ್ನು "ಬಳ್ಳಿ ಕೊರಳಿಗೆ ಸುತ್ತಿದೆ" ಎಂಬುದೊಂದೇ ಆದರೆ ಅದು ಕಾರಣವೇ ಅಲ್ಲ. ಸಲೀಸಾಗಿ ಹುಟ್ಟುವ ಎಷ್ಟೋ ಮಕ್ಕಳ ಕೊರಳಲ್ಲೂ ಬಳ್ಳಿ ಇರುತ್ತದೆ. "ನೀರು ಸ್ವಲ್ಪ ಕಡಿಮೆ" ಎಂದರೆ ಎಷ್ಟು ಎಂದು ಕೇಳಿ. ಸ್ಕ್ಯಾನ್‌ನಲ್ಲಿ ಮಗುವಿನ ಸುತ್ತ ಕಾಣುವ ನೀರಿನ ಎಲ್ಲಕ್ಕಿಂತ ಆಳದ ಗುಂಡಿ 2 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಮಾತ್ರ ನಿಜವಾಗಿ ಕಡಿಮೆ. ನಾಲ್ಕು ಕಡೆ ಅಳೆದು ಕೂಡಿಸುವ ಇನ್ನೊಂದು ವಿಧಾನ ಹೆಚ್ಚು ಜನರನ್ನು ಲೇಬರ್ ವಾರ್ಡಿಗೆ ಕಳಿಸುತ್ತದೆಯೇ ಹೊರತು ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಅಮಾವಾಸ್ಯೆ ತಪ್ಪಿಸಲು ಜೆಲ್ ಕೇಳುವವರಿಗೆ ಒಂದು ಮಾತು: ಸಿಸೇರಿಯನ್‌ಗೆ ಮುಹೂರ್ತ ಇಡಬಹುದು, ಜೆಲ್‌ಗೆ ಇಡಲಾಗದು. ಚತುರ್ದಶಿಯಂದು ಇಟ್ಟ ಜೆಲ್ ಸರಿಯಾಗಿ ಅಮಾವಾಸ್ಯೆಗೇ ಕೆಲಸ ಮಾಡೀತು.

ಸರಕು ಆರಿಸುವ ಮುನ್ನ ಬಿಷಪ್ ಸ್ಕೋರ್ ಗೊತ್ತಿರಬೇಕು. ಗರ್ಭಕಂಠ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂಬ ಐದಕ್ಕೆ ಒಟ್ಟು 13 ಅಂಕ. 8 ದಾಟಿದ್ದರೆ ಜೆಲ್‌ನ ಅಗತ್ಯವೇ ಇಲ್ಲ, ನೇರ ಡ್ರಿಪ್‌ಗೆ ಹೋಗಬಹುದು. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಮೆತ್ತಗಾಗಿಸಲೇಬೇಕು. ಒಳಪರೀಕ್ಷೆ ಮಾಡಿದವರು ಸಂಖ್ಯೆ ಹೇಳದೆ "ಇನ್ನೂ ಗಟ್ಟಿ ಇದೆ" ಎಂದಷ್ಟೇ ಹೇಳಿ ಹೋದರೆ ಸಂಖ್ಯೆ ಕೇಳಿ ಪಡೆಯಿರಿ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡೈನೋಪ್ರಾಸ್ಟೋನ್ ಜೆಲ್, ಸೆರ್ವಿಪ್ರೈಮ್ ಎಂದರೆ ಮೆಡಿಕಲ್ ಶಾಪ್‌ನವರಿಗೆ ಥಟ್ಟನೆ ಗೊತ್ತಾಗುತ್ತದೆ. ಒಂದು ಸಿರಿಂಜಿನಲ್ಲಿ 0.5 ಮಿಲಿಗ್ರಾಂ ಮದ್ದು. ಗರ್ಭಕಂಠದ ನಾಳದೊಳಗೆ, ಒಳಬಾಯಿಗಿಂತ (ಗರ್ಭಕೋಶದ ಕಡೆಗಿರುವ ಬಾಯಿ) ಸ್ವಲ್ಪ ಕೆಳಗೆ ಬಿಡಬೇಕು. ಒಳಬಾಯಿ ದಾಟಿ ಒಳಕ್ಕೆ ಹೋದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ. ಇಟ್ಟ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಯೇ ಇರಬೇಕು, ಇಲ್ಲದಿದ್ದರೆ ಸೋರಿಹೋಗುತ್ತದೆ. ಮುಂದಿನ ಡೋಸ್ 6 ಗಂಟೆ ಬಿಟ್ಟು, 24 ಗಂಟೆಗೆ ಹೆಚ್ಚೆಂದರೆ ಮೂರು. ಕೊನೆಯ ಜೆಲ್ ಆಗಿ 6ರಿಂದ 12 ಗಂಟೆಯ ತನಕ ಡ್ರಿಪ್ ಮುಟ್ಟುವಂತಿಲ್ಲ. ಇದರ ದೊಡ್ಡ ಕೊರತೆ ತಣ್ಣಗಿನ ನಂಟು: 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮನೆಯವರ ಕೈಯಲ್ಲಿ ಚೀಟಿ ಕೊಟ್ಟು ಹೊರಗಿನಿಂದ ತರಿಸಿದ ಜೆಲ್ ಬೇಸಿಗೆಯ ಮಧ್ಯಾಹ್ನ ಆಟೋದಲ್ಲಿ ಸುತ್ತಿ ಬಂದಿದ್ದರೆ ಅದು ಫೇಲಾಗುವುದರಲ್ಲಿ ನಿಮ್ಮ ತಪ್ಪೇನಿಲ್ಲ. ತರಲೇಬೇಕಾದರೆ ಐಸ್ ಪ್ಯಾಕ್ ಜೊತೆ ತನ್ನಿ. ಇನ್ನೊಂದು ಕೊರತೆ, ಒಮ್ಮೆ ಇಟ್ಟ ಜೆಲ್ಲನ್ನು ವಾಪಸ್ ತೆಗೆಯಲಾಗದು. ಇದೇ ಮದ್ದು 10 ಮಿಲಿಗ್ರಾಂ ಇರುವ, ಯೋನಿಯಲ್ಲಿಡುವ ದಾರದ ಪಟ್ಟಿಯನ್ನಾದರೆ ಎಳೆದು ತೆಗೆದು, ಅರ್ಧ ಗಂಟೆಯಲ್ಲಿ ಡ್ರಿಪ್ ಶುರು ಮಾಡಬಹುದು. ಬೆಲೆ ಮಾತ್ರ ಜೆಲ್‌ಗಿಂತ ಜಾಸ್ತಿ.

ಮಿಸೊಪ್ರೊಸ್ಟೋಲ್ ಮಾತ್ರೆ ಇದಕ್ಕೆ ತದ್ವಿರುದ್ಧ. ಅಗ್ಗ, ಫ್ರಿಜ್ ಬೇಡ, ಕೆಲಸ ಜೋರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ 25 ಮೈಕ್ರೋಗ್ರಾಂ. ಬಾಯಿಗೆ ತೆಗೆದುಕೊಂಡರೆ 2 ಗಂಟೆಗೊಮ್ಮೆ, ಯೋನಿಯಲ್ಲಿಟ್ಟರೆ 6 ಗಂಟೆಗೊಮ್ಮೆ. ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಇದ್ದ 602 ಗರ್ಭಿಣಿಯರ ಮೇಲೆ ಈ ಮಾತ್ರೆಯನ್ನೂ ಬಲೂನನ್ನೂ ಹೋಲಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 24 ಗಂಟೆಯೊಳಗೆ ಸಹಜ ಹೆರಿಗೆಯಾದವರು ಮಾತ್ರೆಯಲ್ಲಿ ನೂರಕ್ಕೆ 57, ಬಲೂನಿನಲ್ಲಿ 47. ನಮ್ಮಂಥದ್ದೇ ವಾರ್ಡುಗಳ ಲೆಕ್ಕವಾದ್ದರಿಂದ ಇದಕ್ಕೆ ಹೆಚ್ಚು ತೂಕ ಕೊಡುತ್ತೇವೆ. ಎಡವಟ್ಟಾಗುವುದು 200 ಮೈಕ್ರೋಗ್ರಾಂ ಮಾತ್ರೆಯನ್ನು ಬ್ಲೇಡಿನಲ್ಲಿ ಎಂಟು ಚೂರು ಮಾಡುವಾಗ. ಒಂದು ಚೂರಿನಲ್ಲಿ 15, ಪಕ್ಕದ್ದರಲ್ಲಿ 40 ಇದ್ದರೂ ಕಣ್ಣಿಗೆ ತಿಳಿಯದು. 25ರ ಮಾತ್ರೆಯೇ ಸಿಗುವಾಗ ಬ್ಲೇಡು ಹಿಡಿಯುವ ಆಸ್ಪತ್ರೆಗೆ ನಾವು ಅಂಕ ಕಳೆಯುತ್ತೇವೆ. ಹಿಂದೆ ಸಿಸೇರಿಯನ್ ಆದವರಿಗೆ ಈ ಮಾತ್ರೆ ಖಂಡಿತ ಕೂಡದು, ಹಳೆಯ ಹೊಲಿಗೆ ಬಿಟ್ಟುಕೊಳ್ಳಬಹುದು.

ಬಲೂನು ಎಂದರೆ ಮೂತ್ರಕ್ಕೆ ಹಾಕುವ ಅದೇ ಫೋಲೀ ಕ್ಯಾಥೆಟರ್. ಒಳಬಾಯಿ ದಾಟಿಸಿ, 30ರಿಂದ 60 ಮಿಲಿಲೀಟರ್ ಸಲೈನ್ ತುಂಬಿ, ಸ್ವಲ್ಪ ಬಿಗಿಯಾಗಿ ಎಳೆದು ತೊಡೆಗೆ ಟೇಪ್ ಹಚ್ಚುತ್ತಾರೆ. ಹಾಕುವಾಗ ಹಿಂಸೆ ಅನಿಸಿದರೂ ಮಗುವಿನ ಎದೆಬಡಿತದ ಮಟ್ಟಿಗೆ ಇಷ್ಟು ನಿರುಪದ್ರವಿ ಬೇರೊಂದಿಲ್ಲ, ಗರ್ಭಕೋಶ ಅತಿಯಾಗಿ ಹಿಂಡುವುದು ಅಪರೂಪ. ಹಳೆಯ ಸಿಸೇರಿಯನ್ ಇದ್ದವರಿಗೂ ಆದೀತು. ಮಾಸು ಕೆಳಗಿದ್ದವರಿಗೆ ಆಗದು. "ಬಲೂನು ಬಿತ್ತು, ಆದ್ರೆ ನೋವೇ ಬರ್ಲಿಲ್ಲ" ಎಂಬ ದೂರು ಕೇಳಿಬರುತ್ತದೆ. ಅದರ ಕೆಲಸ ಬಾಯಿಯನ್ನು 3 ಸೆಂಟಿಮೀಟರ್ ತೆರೆಯುವುದಷ್ಟೆ, ನೋವು ತರಬೇಕಾದ್ದು ಡ್ರಿಪ್.

ಡ್ರಿಪ್‌ನಲ್ಲಿ ಮದ್ದಿಗಿಂತ ಹಾಕುವ ಕೈ ಮುಖ್ಯ. 500 ಮಿಲಿಲೀಟರ್ ಸಲೈನಿಗೆ 5 ಯೂನಿಟ್ ಆಕ್ಸಿಟೋಸಿನ್ ಬೆರೆಸಿದರೆ ಮಿಲಿಲೀಟರಿಗೆ 10 ಮಿಲಿಯೂನಿಟ್. 20 ಹನಿಗೆ ಒಂದು ಮಿಲಿಲೀಟರ್ ಆಗುವ ಸೆಟ್ಟಿನಲ್ಲಿ ನಿಮಿಷಕ್ಕೆ 4 ಹನಿ ಬಿಟ್ಟರೆ 2 ಮಿಲಿಯೂನಿಟ್. ಅಲ್ಲಿಂದ ಶುರು, ಅರ್ಧ ಗಂಟೆಗೊಮ್ಮೆ ಮೆಲ್ಲಗೆ ಏರಿಕೆ. 10 ನಿಮಿಷಕ್ಕೆ ಮೂರ್ನಾಲ್ಕು ನೋವು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಐದು ದಾಟಿದರೆ ಮಗುವಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವು ಸಿಗದು, ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು. ಹನಿ ಎಣಿಸುವವರು ಪಕ್ಕದ ಹಾಸಿಗೆಗೆ ಹೋದಾಗ, ಬಾಣಂತಿಯಾಗಲಿರುವವಳು ಕೈ ಮಡಚಿ ಬಿಚ್ಚಿದಾಗ ಹನಿಯ ವೇಗ ಬದಲಾಗುತ್ತದೆ. ಅದಕ್ಕೇ ಇನ್‌ಫ್ಯೂಷನ್ ಪಂಪ್ ಇರುವ ಕಡೆಗೆ ನಮ್ಮ ಒಲವು. ಹೆರಿಗೆಗೆ ಮುಂಚೆ ಇದೇ ಮದ್ದನ್ನು ಕುಂಡೆಗೆ ಚುಚ್ಚಿ "ನೋವು ಜಾಸ್ತಿ ಮಾಡುವ" ಕಡೆ ಒಂದು ಕ್ಷಣವೂ ನಿಲ್ಲಬೇಡಿ. ಡ್ರಿಪ್ ನಿಲ್ಲಿಸಬಹುದು, ಚುಚ್ಚಿದ್ದನ್ನು ನಿಲ್ಲಿಸಲಾಗದು.

ಗರ್ಭಕಂಠದೊಳಗೆ ಬೆರಳಾಡಿಸಿ ನೀರಿನ ಚೀಲದ ಪೊರೆ ಸಡಿಲಿಸುವುದನ್ನೂ ಮರೆಯಬಾರದು. 39 ವಾರದ ನಂತರ ಒಳಪರೀಕ್ಷೆಯ ಹೊತ್ತಿನಲ್ಲೇ ಮಾಡಬಹುದು, ಖರ್ಚಿಲ್ಲ. ನೋಯುತ್ತದೆ, ಒಂದೆರಡು ದಿನ ತುಸು ರಕ್ತದ ಕಲೆ ಕಾಣುತ್ತದೆ, ಕೆಲವರಿಗೆ ಮುಂದೆ ಜೆಲ್ಲೇ ಬೇಕಾಗುವುದಿಲ್ಲ. ನಿಮ್ಮ ಒಪ್ಪಿಗೆ ಕೇಳಿಯೇ ಮಾಡಬೇಕು.

ಇನ್ನು 39ರ ವಿಷಯ. ಅಮೆರಿಕದ ಅರೈವ್ ಅಧ್ಯಯನ 2018ರಲ್ಲಿ ಬಂತು: ತೊಂದರೆಯಿಲ್ಲದ 6,106 ಚೊಚ್ಚಲ ಗರ್ಭಿಣಿಯರು, 39ಕ್ಕೇ ನೋವು ಬರಿಸಿದ ಗುಂಪಿನಲ್ಲಿ ನೂರಕ್ಕೆ 18.6 ಸಿಸೇರಿಯನ್, ಕಾದ ಗುಂಪಿನಲ್ಲಿ 22.2. ಇದನ್ನು ಹಿಡಿದು "ಜೆಲ್ ಇಟ್ಟರೆ ಆಪರೇಷನ್ ಕಡಿಮೆ" ಎನ್ನುವ ವೈದ್ಯರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಫಲ ಬಂದದ್ದು ಕಾಯುವ ವಾರ್ಡುಗಳಲ್ಲಿ. ನೀರು ಒಡೆದ ಮೇಲೂ ಡ್ರಿಪ್‌ನಲ್ಲಿ 12ರಿಂದ 18 ಗಂಟೆ ಕಾಯದೆ ಫೇಲ್ ಎನ್ನಬಾರದು ಎಂಬುದು ಅಲ್ಲಿನ ವೈದ್ಯರು ಪಾಲಿಸುವ ನಿಯಮ. ಬೆಳಿಗ್ಗೆ ಜೆಲ್ ಇಟ್ಟು, ಸಂಜೆ ಆರಕ್ಕೆ "ಮುಂದುವರೀತಿಲ್ಲ" ಎಂದು ಥಿಯೇಟರ್ ಬಾಗಿಲು ತೆರೆಯುವ ಕಡೆ ಈ ಅಂಕಿ ಅನ್ವಯಿಸುವುದೇ ಇಲ್ಲ. ಆದ್ದರಿಂದ ಅಡ್ಮಿಟ್ ಆಗುವ ಮೊದಲು ಕೇಳಬೇಕಾದ ಪ್ರಶ್ನೆ, "ಎಷ್ಟು ಗಂಟೆ ಆದ್ಮೇಲೆ ಫೇಲ್ ಅಂತೀರಿ?" ಜೊತೆಗೆ ರಾತ್ರಿ ಎರಡಕ್ಕೆ ಅರಿವಳಿಕೆ ವೈದ್ಯರು ಸಿಗುತ್ತಾರಾ, ನೋವು ತಡೆಯಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇದೆಯಾ, ಪ್ಯಾಕೇಜಿನಲ್ಲಿ ಎರಡನೇ ದಿನದ ಹಾಸಿಗೆ ಸೇರಿದೆಯಾ ಎಂಬುದನ್ನೂ ಬಿಲ್ ಕೌಂಟರಿನಲ್ಲೇ ತಿಳಿದುಕೊಳ್ಳಿ. ಉತ್ತರ ತೇಲಿಸಿದರೆ 39ಕ್ಕೆ ಬೇಡ, ನೋವು ತಾನಾಗಿ ಬರುವುದನ್ನು ಕಾಯಿರಿ.

41ರಲ್ಲಿ ಈ ಅನುಮಾನಕ್ಕೆ ಜಾಗ ಕಡಿಮೆ. ಸ್ವೀಡನ್‌ನಲ್ಲಿ 41ಕ್ಕೆ ಬರಿಸುವುದನ್ನೂ 42ರವರೆಗೆ ಕಾಯುವುದನ್ನೂ 2,760 ಜನರಲ್ಲಿ ಹೋಲಿಸುತ್ತಿದ್ದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, ಇನ್ನೊಂದರಲ್ಲಿ ಒಂದೂ ಇಲ್ಲ. ಹಾಗೆಂದು ಹೆದರಿ ಸಾಯಬೇಕಾಗಿಲ್ಲ. ಎಲ್ಲ ಅಧ್ಯಯನ ಕೂಡಿಸಿದ ಲೆಕ್ಕದಲ್ಲಿ ಒಂದು ಸಾವು ತಪ್ಪಿಸಲು ಸುಮಾರು 544 ಮಂದಿಗೆ ನೋವು ಬರಿಸಬೇಕು.

41 ತುಂಬಿಯೂ ಕಾಯುತ್ತೇವೆ ಎನ್ನುವವರು ವಾರಕ್ಕೆ ಎರಡು ಸಲ ಮಗುವಿನ ಎದೆಬಡಿತ ದಾಖಲಿಸುವ ಎನ್‌ಎಸ್‌ಟಿ ಮತ್ತು ನೀರಿನ ಅಳತೆ ಮಾಡಿಸಬೇಕು, 42ರ ಆಚೆಗೆ ಎಳೆಯಬಾರದು. ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆ ಅನಿಸಿದರೆ ತಣ್ಣೀರು ಕುಡಿದು, ಸಿಹಿ ತಿಂದು ನೋಡುತ್ತ ಕೂರದೆ ಆಗಲೇ ಹೊರಡಿ. ಎನ್‌ಎಸ್‌ಟಿ ಮಾಡಿಸಿದ್ದು ಹಿಂದಿನ ದಿನವೇ ಆಗಿದ್ದರೂ ಸರಿ.