ಪ್ರೀಮಿಯರ್ ಪದ್ಮಿನಿ: ಮಲೆನಾಡಿನಲ್ಲಿ ಇಟ್ಟುಕೊಳ್ಳಬೇಕೇ, ಮಾರಿ ಬಂಡವಾಳ ಮಾಡಬೇಕೇ?

ಹೋಂಸ್ಟೇಗೋ ಅಡಿಕೆ ಸುಲಿಯುವ ಯಂತ್ರಕ್ಕೋ ದುಡ್ಡು ಹೊಂದಿಸಲು ಮನೆಯ ಹಳೇ ಪದ್ಮಿನಿ ಕಾರು ಮಾರುವ ಯೋಚನೆಯಿದ್ದರೆ ಮೊದಲು ಗಾಡಿಯ ತಳ ನೋಡಿ. 1089 ಸಿಸಿ ಎಂಜಿನ್ ಗಟ್ಟಿಮುಟ್ಟು. ಪೆಟ್ರೋಲು-ಗಾಳಿ ಬೆರೆಸುವ ಕಾರ್ಬುರೇಟರ್, ಕಿಡಿ ಹೊತ್ತಿಸಲು ಬೇಕಾದ ಪಾಯಿಂಟ್ ಸರಿಯಿದ್ದರೆ ತಕರಾರಿಲ್ಲ. ನಿಜವಾದ ಶತ್ರು ತುಕ್ಕು. ಇದಕ್ಕೆ ಬೇರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆಗುಂಬೆ, ಹೊಸನಗರದ ಮಳೆಯಲ್ಲಿ ಬಾಗಿಲ ತಳದ ನೀರು ಹೋಗುವ ತೂತಿಗೆ ಎಲೆ, ಮಣ್ಣು ಕಟ್ಟಿಕೊಂಡು ತಗಡು ಒಳಗಿಂದಲೇ ತಿಂದುಹೋಗುತ್ತದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿಯಿರಿ; ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ.

ತಳ ಹೋಗಿದ್ದರೆ ಮಾರಿಬಿಡಿ, ಒಂದೊಂದು ಮಳೆಗಾಲಕ್ಕೂ ಬೆಲೆ ಇಳಿಯುತ್ತದೆ. ಮಾರುವ ಮುನ್ನ ಪೇಂಟ್ ಹೊಡೆಸಬೇಡಿ, ಬಲ್ಲ ಗಿರಾಕಿಗೆ ಅನುಮಾನ ಬರುತ್ತದೆ. ತಳ ಗಟ್ಟಿಯಿದ್ದು ಗ್ರಿಲ್, ಕ್ರೋಮ್ ಬಂಪರ್ ಮೂಲದ್ದೇ ಆಗಿದ್ದರೆ ಅಂಥ ಗಾಡಿ ಮತ್ತೆ ಸಿಗುವುದಿಲ್ಲ. ಸಣ್ಣ ಕೊರತೆಗೆ ಸಾಲವೇ ವಾಸಿ.

15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ (ನೋಂದಣಿ ಪತ್ರ) ನವೀಕರಣ ಆಗಿರಬೇಕು, ಇಲ್ಲದಿದ್ದರೆ ಗಿರಾಕಿ ಅದನ್ನೇ ಹಿಡಿದು ಜಗ್ಗುತ್ತಾನೆ. ಮಾರಿದರೆ ಹೆಸರು ಬದಲಾವಣೆಗೆ ಫಾರಂ 29, 30. ಹೊರರಾಜ್ಯಕ್ಕಾದರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬರುವವರೆಗೆ ಗಿರಾಕಿಯ ಬೆನ್ನು ಬಿಡಬೇಡಿ.